15 ವರ್ಷ ವೈರಿಂಗ್ ಮಾಡಿದ್ದೇನೆ, ಈಗ ಅದನ್ನೇ ಕಲಿಸಲು ಕರೆದಿದ್ದಾರೆ. ಹೋಗಲೋ ಬೇಡವೋ?

ನಿಮ್ಮ ಪ್ರಶ್ನೆಯಲ್ಲಿ ಮೂರು ಸಂಗತಿ ಕಂಡವು. ಮಂಡಿ ಹಿಡಿದುಕೊಳ್ಳುತ್ತಿದೆ, ತರಬೇತಿ ಕೇಂದ್ರದವರು ಬನ್ನಿ ಅಂದಿದ್ದಾರೆ, "ಕೆಲಸ ಗೊತ್ತು, ಮಾತು ಬರಲ್ಲ" ಅನ್ನೋ ಭಯ ಇದೆ. ನಾನು 19 ವರ್ಷ ಏಣಿ ಹತ್ತಿ ಇಳಿದು, ಕಳೆದ 6 ವರ್ಷದಿಂದ ಕಲಿಸುತ್ತಿದ್ದೇನೆ. ಹೋಗಿ ಅಂತಲೇ ಹೇಳುತ್ತೇನೆ. ಮಾತಿನ ಭಯ ಎರಡು ತಿಂಗಳಲ್ಲಿ ಹೋಗುತ್ತೆ. ನಿಜವಾದ ಕಷ್ಟ ಬೇರೆ ಕಡೆ ಇದೆ: ನೀವು ಮಾಡೋ ಕೆಲಸದಲ್ಲಿ ಅರ್ಧ ನಿಮ್ಮ ಕೈಗೆ ಗೊತ್ತು, ನಿಮಗೆ ಗೊತ್ತಿಲ್ಲ.

ನನ್ನ ಮೊದಲ ಕ್ಲಾಸು ಸ್ಟೇರ್‌ಕೇಸ್ ವೈರಿಂಗ್. ಎರಡು ಟೂ ವೇ ಸ್ವಿಚ್ಚು, ಒಂದು ಲೈಟು; ಮೆಟ್ಟಿಲ ಕೆಳಗಿಂದಲೂ ಮೇಲಿಂದಲೂ ಹಾಕಿ ಆರಿಸೋ ಹಾಗೆ. ಹತ್ತು ನಿಮಿಷದಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿದೆ, ಲೈಟು ಹತ್ತಿತು, ಹುಡುಗರು ಖುಷಿಪಟ್ಟರು. ಈಗ ನೀವು ಮಾಡಿ ಅಂದರೆ ಒಬ್ಬನಿಗೂ ಬರಲಿಲ್ಲ. ಒಬ್ಬ ಹುಡುಗ ಬೋರ್ಡು ಹಿಡಿದು ಬಂದ. "ಸಾರ್, ನಾನು ಸ್ಕ್ರೂ ಬಿಗಿ ಮಾಡಿದಷ್ಟೂ ವೈರು ಆಚೆ ಬರುತ್ತೆ. ನಿಮ್ಮದು ಯಾಕೆ ಬರಲ್ಲ?"

ನೋಡಿದೆ. ವೈರನ್ನು ಸ್ಕ್ರೂಗೆ ಸುತ್ತಿ ಬಿಗಿಯೋ ಹಳೇ ಥರದ ಟರ್ಮಿನಲ್ ಅದು. ಅವನು ವೈರಿನ ತುದಿಯ ಕೊಕ್ಕೆಯನ್ನು ಎಡಕ್ಕೆ ಬಗ್ಗಿಸಿದ್ದ. ಸ್ಕ್ರೂ ಬಲಕ್ಕೆ ತಿರುಗುತ್ತಾ ಕೊಕ್ಕೆಯನ್ನು ಬಿಚ್ಚುತ್ತಿತ್ತು. ನಾನು ಬಗ್ಗಿಸಿದ್ದು ಬಲಕ್ಕೆ, ಸ್ಕ್ರೂ ಹೋಗೋ ದಿಕ್ಕಿಗೇ. ಹಾಗಾಗಿ ಬಿಗಿ ಮಾಡಿದಷ್ಟೂ ವೈರು ಒಳಕ್ಕೆ ಸುತ್ತಿಕೊಳ್ಳುತ್ತೆ. 19 ವರ್ಷ ದಿನಾ ಮಾಡಿದ್ದೆ, ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಹುಡುಗ ಕೇಳದಿದ್ದರೆ ನಾನು ಹಾಗೆ ಮಾಡುತ್ತೇನೆ ಅನ್ನೋದೇ ನನಗೆ ಗೊತ್ತಾಗುತ್ತಿರಲಿಲ್ಲ.

ಇದರ ಇನ್ನೊಂದು ಮುಖ ನಾಚಿಕೆಗೇಡು. ಎರಡನೇ ವಾರ ನೋಡುತ್ತೇನೆ, ನಾಲ್ಕೈದು ಜನ ಹಲ್ಲಿನಲ್ಲಿ ಕಚ್ಚಿ ವೈರಿನ ಇನ್ಸುಲೇಶನ್ ಎಳೆಯುತ್ತಿದ್ದಾರೆ. ಬೈಯೋಕೆ ಬಾಯಿ ತೆಗೆದವನು ಹಾಗೇ ಮುಚ್ಚಿದೆ. ಎಲ್ಲಿಂದ ಕಲಿತರು? ಸ್ಟ್ರಿಪ್ಪರ್ ಬಳಸಬೇಕು ಅಂತ ಬಾಯಲ್ಲಿ ಹೇಳಿದವನೂ ನಾನೇ, ಅವಸರದಲ್ಲಿ ಹಲ್ಲು ಹಾಕಿ ತೋರಿಸಿದವನೂ ನಾನೇ. ನೀವು ಹೇಳಿದ್ದು ಅರ್ಧ ಮರೆಯುತ್ತಾರೆ, ಮಾಡಿದ್ದು ಒಂದೂ ಮರೆಯಲ್ಲ. ಸೇರುವ ಮೊದಲು ನಿಮ್ಮ ಕೈಚಾಳಕಗಳಲ್ಲಿ ಯಾವುದು ಕಲಿಸೋಕೆ ಯೋಗ್ಯ, ಯಾವುದು ಬರೀ ಭಂಡಧೈರ್ಯ ಅಂತ ಕೂತು ಯೋಚಿಸಿ. ನನ್ನದರಲ್ಲಿ ಭಂಡಧೈರ್ಯವೇ ಜಾಸ್ತಿ ಇತ್ತು.

ಓದಿನ ವಿಷಯ. ಸೈಟಿನಲ್ಲಿ "ಅದು ಹಾಗೇ, ತಲೆ ಕೆಡಿಸ್ಕೋಬೇಡ" ಅಂತ ದಾಟಿಬಿಡಬಹುದು, ಕ್ಲಾಸಿನಲ್ಲಿ ಆಗಲ್ಲ. ಎರಡೂ ಕಡೆ ಬಿಚ್ಚಿಟ್ಟ ವೈರಿನಲ್ಲಿ ಡಿಜಿಟಲ್ ಮೀಟರ್ 60 ವೋಲ್ಟ್ ತೋರಿಸಿತು ಅಂತ ಒಬ್ಬಳು ಕೇಳಿದಳು. ನಾನು ನೂರು ಸಲ ನೋಡಿದ್ದೇ, ಕಾರಣ ಮಾತ್ರ ಗೊತ್ತಿಲ್ಲ. ನಾಳೆ ಹೇಳುತ್ತೇನಮ್ಮಾ ಅಂದು ಮನೆಗೆ ಹೋಗಿ ಓದಿದೆ. ಒಂದೇ ಪೈಪಿನಲ್ಲಿ ಕರೆಂಟ್ ಇರುವ ವೈರಿನ ಪಕ್ಕ ಖಾಲಿ ವೈರು ಉದ್ದಕ್ಕೂ ಹೋಗಿದ್ದರೆ, ನಡುವಿನ ಇನ್ಸುಲೇಶನ್ ಸೇರಿ ಅದೊಂದು ಸಣ್ಣ ಕೆಪಾಸಿಟರ್ ಆಗುತ್ತೆ, ಅದರ ಮೂಲಕ ಖಾಲಿ ವೈರಿನಲ್ಲೂ ಸ್ವಲ್ಪ ವೋಲ್ಟೇಜ್ ಕಾಣಿಸಿಕೊಳ್ಳುತ್ತೆ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಹಾಗಾಗಿ ಅದು ಕರೆಂಟನ್ನೇ ಎಳೆಯಲ್ಲ ಅನ್ನಬಹುದು. ಆ ಹುಸಿ ವೋಲ್ಟೇಜನ್ನೂ ತೋರಿಸಿಬಿಡುತ್ತೆ. ಟೆಸ್ಟ್ ಲ್ಯಾಂಪ್ ಕೊಟ್ಟರೆ ವೋಲ್ಟೇಜು ಕುಸಿದು ಹೋಗುತ್ತೆ, ಲ್ಯಾಂಪು ಹತ್ತಲ್ಲ. ಮಾರನೇ ದಿನ ಇಷ್ಟನ್ನೂ ಬೋರ್ಡಿನ ಮೇಲೆ ಬರೆದೆ. "ನಾಳೆ ಹೇಳುತ್ತೇನೆ" ಅಂದಿದ್ದಕ್ಕೆ ಮರ್ಯಾದೆ ಏನೂ ಕಡಿಮೆಯಾಗಲಿಲ್ಲ.

ಲೆಕ್ಕಕ್ಕೂ ಹೆದರಬೇಡಿ, ಸೈಟಿನ ಅನುಭವಕ್ಕೆ ಕಟ್ಟಿಬಿಡಿ. ಲೂಸ್ ಕನೆಕ್ಷನ್ ಸುಟ್ಟು ಕರಿಯಾದ ಸಾಕೆಟ್ ನೀವು ಎಷ್ಟು ನೋಡಿಲ್ಲ? ಆ ಲೂಸ್ ಜಾಗದಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. 16 ಆಂಪಿಯರ್ ಹರಿದರೆ 16×16×0.1, ಅಂದರೆ 25.6 ವ್ಯಾಟ್ ಶಾಖ. ಒಂದು ಸಾಲ್ಡರಿಂಗ್ ಐರನ್ ಆನ್ ಮಾಡಿ ಸ್ವಿಚ್ ಬಾಕ್ಸಿನೊಳಗೆ ಮುಚ್ಚಿಟ್ಟ ಹಾಗೆ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಟ್ರಿಪ್ ಆಗಲ್ಲ, ಯಾಕಂದರೆ ಅದಕ್ಕೆ ಕಾಣೋದು ಮಾಮೂಲಿ 16 ಆಂಪಿಯರ್ ಮಾತ್ರ. ಸುಟ್ಟ ಸಾಕೆಟ್ಟೊಂದನ್ನು ಮೊದಲು ಕೈಗೆ ಕೊಟ್ಟು, ಮೂಸಿ ನೋಡಿ ಅಂದು, ಆಮೇಲೆ ಈ ಲೆಕ್ಕ ಬರೆದರೆ ಹಿಂದಿನ ಬೆಂಚಿನವನೂ ತಲೆ ಎತ್ತುತ್ತಾನೆ. ಇಂಥ ಸುಟ್ಟ, ಕರಗಿದ, ಬಿರುಕು ಬಿಟ್ಟ ಸಾಮಾನು ಈಗಿನಿಂದಲೇ ಎತ್ತಿಟ್ಟುಕೊಳ್ಳಿ. ನನ್ನ ಹತ್ತಿರ ಎರಡು ಡಬ್ಬ ಇವೆ.

ಒಂದು ಕುತಂತ್ರವನ್ನೂ ಹೇಳುತ್ತೇನೆ. 24 ವೋಲ್ಟಿನ ಅಭ್ಯಾಸದ ಬೋರ್ಡಿಗೆ, ಒಳಗೆ ವೈರು ತುಂಡಾದ ಪ್ರೋಬ್ (ತಾಗಿಸಿ ನೋಡೋ ಕಡ್ಡಿ) ಇರುವ ಮೀಟರ್ ಕೊಡುತ್ತೇನೆ. ಸಪ್ಲೈ ಆಫ್ ಮಾಡಿರಲ್ಲ. "ಕರೆಂಟ್ ಇಲ್ಲ ಸಾರ್" ಅನ್ನುತ್ತಾರೆ ಧೈರ್ಯವಾಗಿ. ಆಗ ಸುಮ್ಮನೆ ಲೈಟಿನ ಸ್ವಿಚ್ ಹಾಕುತ್ತೇನೆ, ಹತ್ತುತ್ತೆ. ಮೀಟರನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರೋ ಕಡೆ ಹಿಡಿದು ನೋಡಬೇಕು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಗೊತ್ತಿರೋ ಕಡೆ. ಇದನ್ನು ಹೇಳಿ ಒಪ್ಪಿಸೋಕೆ ಆಗಲ್ಲ, ಆ ಲೈಟು ಹತ್ತಬೇಕು.

ತಾಳ್ಮೆ ಮಾತ್ರ ಕಲಿಯಲೇಬೇಕು. ಹುಡುಗ ತಪ್ಪು ಟರ್ಮಿನಲ್ಲಿಗೆ ವೈರು ಹಾಕುತ್ತಿದ್ದರೆ ಕೈ ತುರಿಸುತ್ತೆ, ಸ್ಕ್ರೂಡ್ರೈವರ್ ಕಿತ್ತುಕೊಂಡು ನಾವೇ ಮಾಡಿಬಿಡೋಣ ಅನಿಸುತ್ತೆ. ನಾನು ಕೈ ಜೇಬಿಗೆ ಹಾಕಿಕೊಳ್ಳುತ್ತೇನೆ, ತಮಾಷೆಗಲ್ಲ. ಸಪ್ಲೈ ಕೊಡೋ ವಿಷಯದಲ್ಲಿ ಮಾತ್ರ ಈ ಉದಾರತನ ಇಲ್ಲ. ಮೇನ್ ಸ್ವಿಚ್ಚಿಗೆ ಬೀಗ, ಕೀಲಿ ನನ್ನ ಹತ್ತಿರ, ನಾನು ನೋಡದೆ ಯಾರೂ ಆನ್ ಮಾಡೋ ಹಾಗಿಲ್ಲ.

ದುಡ್ಡು? ನನಗೆ ಕಡಿಮೆಯಾಯಿತು, ಆದರೆ ತಿಂಗಳಾದರೆ ಬರುತ್ತೆ. ಹಾಜರಿ, ಅಂಕಪಟ್ಟಿ, ರಿಪೋರ್ಟು ಅಂತ ಬರೆಯೋ ಕೆಲಸ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚಿರುತ್ತೆ, ಬೇಜಾರಾಗುತ್ತೆ. ಯಾವ ಸರ್ಟಿಫಿಕೇಟ್ ಬೇಕು ಅನ್ನೋದನ್ನು ಕರೆದವರ ಹತ್ತಿರವೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸಾಧ್ಯವಿದ್ದರೆ ಮೊದಲು ಸಂಜೆ ಬ್ಯಾಚ್ ಹಿಡಿಯಿರಿ, ಸೈಟು ಒಮ್ಮೆಲೇ ಬಿಡಬೇಡಿ. ನಾನು ಈಗಲೂ ರಜೆ ದಿನ ಸಣ್ಣಪುಟ್ಟ ಕೆಲಸ ಒಪ್ಪಿಕೊಳ್ಳುತ್ತೇನೆ. ಇಲ್ಲದಿದ್ದರೆ ಮೂರು ವರ್ಷಕ್ಕೆ ಹಳೇ ಸಾಮಾನಿನ ಪಾಠ ಹೇಳೋ ಮೇಷ್ಟ್ರಾಗಿಬಿಡುತ್ತೇವೆ.

ಡೆಮೊ ಕ್ಲಾಸಿಗೆ ತಯಾರಿ ಹೇಗೆ ಅಂತಲೂ ಕೇಳಿದ್ದೀರಿ. ಈ ಕೆಲಸ ಗೊತ್ತಿಲ್ಲದ ಒಬ್ಬರನ್ನು ಹಿಡಿಯಿರಿ, ಪಕ್ಕದ ರೂಮಿನಲ್ಲಿ ಕೂರಿಸಿ, ಫೋನಿನಲ್ಲಿ ಹೇಳಿಯೇ ತ್ರೀ ಪಿನ್ ಪ್ಲಗ್ಗಿಗೆ ವೈರು ಹಾಕಿಸಿ. ಪ್ಲಗ್ಗು ಎಲ್ಲಿಗೂ ಚುಚ್ಚಿರಬಾರದು, ಅಷ್ಟೇ. ನಾನು ನನ್ನ ತಂಗಿಯ ಕೈಲಿ ಮಾಡಿಸಿದೆ. "ಅರ್ಥ್ ವೈರು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡು" ಅಂದೆ. "ಯಾಕೆ?" ಅಂದಳು. ಯಾರಾದರೂ ವೈರು ಹಿಡಿದು ಜಗ್ಗಿದರೆ ಕೊನೆಗೆ ಕಿತ್ತು ಬರೋದು ಅದೇ ಆಗಿರಲಿ ಅಂತ. ಅಷ್ಟು ಹೇಳೋಕೆ ನನಗೆ ಅವತ್ತು ಪೂರ್ತಿ ಒಂದು ನಿಮಿಷ ಹಿಡಿಯಿತು.