ಜಪಾನಿನ ಹೈಸ್ಕೂಲಿನಲ್ಲಿ ಓದುವುದು ನಿಜವಾಗಿ ಹೇಗಿರುತ್ತದೆ?

ನಿಮ್ಮ ಮಗಳು ಒಂಬತ್ತನೇ ಕ್ಲಾಸು, ಅನಿಮೆ ನೋಡಿ ನೋಡಿ ಜಪಾನಿನಲ್ಲೇ ಹೈಸ್ಕೂಲು ಓದಬೇಕು ಅಂತ ಹಟ ಹಿಡಿದಿದ್ದಾಳೆ, ಅಲ್ಲಿ ನಿಜಕ್ಕೂ ಹೇಗಿರುತ್ತದೆ ಅಂತ ಕೇಳಿದ್ದೀರಿ. ನಾನು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಹೋಗಿ, ನಾಗಾನೊ ಪ್ರಾಂತ್ಯದ ಒಂದು ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಓದಿದವಳು. ಅಲ್ಲಿಯ ಒಂದು ಕುಟುಂಬದ ಜೊತೆ ಇದ್ದೆ. ಟೋಕಿಯೊದ ದೊಡ್ಡ ಖಾಸಗಿ ಶಾಲೆಗಳಲ್ಲಿ ಕೆಲವು ವಿಷಯ ಬೇರೆ ಇರುತ್ತವೆ, ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ನನ್ನ ಪ್ರಕಾರ ಅಲ್ಲಿ ಶಾಲೆಯ ಜೀವ ಇರುವುದು ಮಧ್ಯಾಹ್ನ ಮೂರೂವರೆಯ ಮೇಲೆ, ಪಾಠ ಮುಗಿದ ನಂತರ. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಮೊದಲು ವ್ಯವಸ್ಥೆ. ಹೈಸ್ಕೂಲು ಮೂರು ವರ್ಷ, ನಮ್ಮ ಎಸ್ಸೆಸ್ಸೆಲ್ಸಿ ಮತ್ತು ಎರಡು ವರ್ಷದ ಪಿಯುಸಿ ಸೇರಿದಷ್ಟು. ಕಡ್ಡಾಯ ಶಿಕ್ಷಣ ಅದಕ್ಕೆ ಮೊದಲೇ ಮುಗಿದಿರುತ್ತದೆ. ಹಾಗಾಗಿ ಹೈಸ್ಕೂಲಿಗೆ ಪ್ರವೇಶ ಪರೀಕ್ಷೆ ಬರೆದೇ ಸೇರಬೇಕು. ಆದರೂ ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಸೇರುತ್ತಾರೆ. ಯಾವ ಶಾಲೆ ಎಷ್ಟು ಕಷ್ಟ ಅಂತ ತಿಳಿಯಲು 'ಹೆನ್ಸಾಚಿ' ಅನ್ನುವ ಅಂಕಿ ಇದೆ. 50 ಅಂದರೆ ಸರಾಸರಿ. ಊರಿನ ಪ್ರತಿಯೊಬ್ಬರಿಗೂ ಯಾವ ಶಾಲೆಯದು ಎಷ್ಟು ಅಂತ ಗೊತ್ತಿರುತ್ತದೆ, ಯೂನಿಫಾರ್ಮ್ ನೋಡಿದರೇ ಸಾಕು. ಇದು ನನಗೆ ಇಷ್ಟವಾಗಲಿಲ್ಲ. ಹದಿನೈದನೇ ವಯಸ್ಸಿಗೇ ಹುಡುಗರನ್ನು ಹೀಗೆ ವಿಂಗಡಿಸುವುದು ಜಾಸ್ತಿಯಾಯಿತು ಅಂತಲೇ ನನಗೆ ಅನ್ನಿಸುತ್ತದೆ.

ಒಳಗೆ ಸೇರಿದ ಮೇಲೆ ಬೋರ್ಡ್ ಪರೀಕ್ಷೆಯ ಕಾಟ ಇಲ್ಲ. ಮೂರು ವರ್ಷದಲ್ಲಿ ಕನಿಷ್ಠ 74 ಕ್ರೆಡಿಟ್ ಮುಗಿಸಬೇಕು, ಉಳಿದದ್ದು ಶಾಲೆಯದೇ ಪರೀಕ್ಷೆಗಳು. ಯೂನಿವರ್ಸಿಟಿಗೆ ಹೋಗುವವರಿಗೆ ಜನವರಿಯಲ್ಲಿ ದೇಶಕ್ಕೆಲ್ಲ ಒಂದು ಸಾಮಾನ್ಯ ಪರೀಕ್ಷೆ ಇರುತ್ತದೆ. ಆಮೇಲೆ ಆಯಾ ಯೂನಿವರ್ಸಿಟಿಯ ಪರೀಕ್ಷೆ ಬೇರೆ. ಮೂರನೇ ವರ್ಷದವರು ಅದಕ್ಕಾಗಿ ಟ್ಯೂಷನ್ನಿಗೆ ಹೋಗಿ ರಾತ್ರಿ ಹತ್ತಕ್ಕೆ ಮನೆ ಸೇರುವುದನ್ನು ನೋಡಿದ್ದೇನೆ. ನಮ್ಮ ಸಿಇಟಿ, ನೀಟ್ ಮಕ್ಕಳ ಹಾಗೇ.

ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬೆಳಗ್ಗೆ ಬಾಗಿಲಲ್ಲೇ ಹೊರಗಿನ ಶೂ ಬಿಚ್ಚಿ ಗೂಡಲ್ಲಿಟ್ಟು, ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ವರ್ಷಕ್ಕೊಂದು ಬಣ್ಣದ ಚಪ್ಪಲಿ, ಹಾಗಾಗಿ ಕಾಲು ನೋಡಿದರೆ ಯಾರು ಹಿರಿಯರು ಅಂತ ತಿಳಿಯುತ್ತಿತ್ತು. ಕ್ಲಾಸಿನಲ್ಲಿ ನಲವತ್ತರ ಆಸುಪಾಸು ಮಕ್ಕಳು, 50 ನಿಮಿಷದ ಆರು ಪೀರಿಯಡ್. ಪೀರಿಯಡ್ ಶುರುವಾದಾಗ ಒಬ್ಬರು ಕೂಗುತ್ತಾರೆ, ಎಲ್ಲರೂ ಎದ್ದು ನಿಂತು ಬಗ್ಗಿ ನಮಸ್ಕರಿಸಿ ಕೂರುತ್ತಾರೆ. ಆಮೇಲೆ ಮೌನ. ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಕೈ ಎತ್ತಿ ಪ್ರಶ್ನೆ ಕೇಳುವವರು ತೀರಾ ಕಮ್ಮಿ. ಲೆಕ್ಕ ನನಗೆ ಸಲೀಸಾಗಿತ್ತು. ಹಳೆಯ ಜಪಾನಿ ಸಾಹಿತ್ಯ ಮತ್ತು ಹಳೆಯ ಚೀನೀ ಪಠ್ಯದ ಪಾಠಗಳು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಆ ಹೊತ್ತಿನಲ್ಲಿ ಕಾಂಜಿ (ಜಪಾನಿಯಲ್ಲಿ ಬಳಸುವ ಚೀನೀ ಅಕ್ಷರಗಳು) ಅಭ್ಯಾಸ ಮಾಡಿಕೋ ಅಂತ ಮೇಷ್ಟ್ರೇ ಹೇಳಿದ್ದರು.

ಹೆಚ್ಚಿನ ಹೈಸ್ಕೂಲುಗಳಲ್ಲಿ ಶಾಲೆಯ ಊಟ ಇರುವುದಿಲ್ಲ, ಮನೆಯಿಂದ ಬೆಂಟೊ ಡಬ್ಬಿ ತರಬೇಕು. ಇಲ್ಲದಿದ್ದರೆ ಶಾಲೆಯ ಸಣ್ಣ ಅಂಗಡಿಯಲ್ಲಿ ಬ್ರೆಡ್ಡು ಸಿಗುತ್ತದೆ. ನಾನು ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ಅಲ್ಲಿ ಸಾರು, ಪಲ್ಯ ಎಲ್ಲದಕ್ಕೂ ಒಣಮೀನಿನ ನೀರೇ ತಳಹದಿ. ನಾನಿದ್ದ ಮನೆಯ ಅಮ್ಮ ನನಗೋಸ್ಕರ ಕೊಂಬು ಅನ್ನುವ ಕಡಲಸಸ್ಯ ಮತ್ತು ಒಣ ಅಣಬೆ ನೆನೆಸಿ ಬೇರೆ ನೀರು ತೆಗೆಯುತ್ತಿದ್ದರು. ಬೆಳಗ್ಗೆ ಐದೂವರೆಗೆ ಎದ್ದು ಅನ್ನ, ಸಿಹಿ ಆಮ್ಲೆಟ್, ಬೇಯಿಸಿದ ಕುಂಬಳಕಾಯಿ ತುಂಬಿ, ಅನ್ನದ ಮೇಲೆ ಒಂದು ಉಮೆಬೋಶಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಹುಳಿ ಹಣ್ಣು, ಇಡುತ್ತಿದ್ದರು. ನಮ್ಮ ಹಳೇ ನಿಂಬೆಕಾಯಿ ಉಪ್ಪಿನಕಾಯಿಯಷ್ಟೇ ಹುಳಿ, ಉಪ್ಪು. ಅವರ ಋಣ ದೊಡ್ಡದು.

ಕೊನೆಯ ಪೀರಿಯಡ್ ಆದ ಮೇಲೆ ಶಾಲೆ ಗುಡಿಸುವ ಹೊತ್ತು. ಇದರ ಬಗ್ಗೆ ನೀವು ವಿಡಿಯೊಗಳಲ್ಲಿ ನೋಡಿರುತ್ತೀರಿ. ಎಲ್ಲ ಮೇಜುಗಳನ್ನೂ ಹಿಂದಕ್ಕೆ ತಳ್ಳಿ, ಮುಂದಿನ ಅರ್ಧ ಗುಡಿಸಿ ಒರೆಸಿ, ಮತ್ತೆ ಮೇಜು ಮುಂದಕ್ಕೆ ತಂದು ಹಿಂದಿನ ಅರ್ಧ. ಯಾವ ಗುಂಪಿಗೆ ಕ್ಲಾಸು, ಯಾವುದಕ್ಕೆ ಮೆಟ್ಟಿಲು, ಯಾವುದಕ್ಕೆ ಟಾಯ್ಲೆಟ್ಟು ಅಂತ ಸರದಿ ಇರುತ್ತದೆ. ಕಾಲು ಗಂಟೆಯ ಕೆಲಸ. ನನ್ನ ಪಾಲಿಗೆ ದಿನದಲ್ಲಿ ಮಾತು ಸುಲಭವಾಗುತ್ತಿದ್ದದ್ದು ಆಗಲೇ. ಎದುರುಬದುರು ಕೂತು ಮಾತಾಡಲು ನಾಚುವವರು, ಒಂದೇ ಮೇಜಿನ ಎರಡು ತುದಿ ಹಿಡಿದಾಗ ಆರಾಮಾಗಿ ಮಾತಾಡುತ್ತಿದ್ದರು.

ಇನ್ನು ಕ್ಲಬ್ಬುಗಳು. 'ಬುಕಾತ್ಸು' ಅನ್ನುತ್ತಾರೆ. ಬೇಸ್‌ಬಾಲ್, ಬ್ರಾಸ್ ಬ್ಯಾಂಡ್, ಕೆಂದೋ ಅನ್ನುವ ಕತ್ತಿವರಸೆ, ಚಹಾ ಪದ್ಧತಿ, ಹೀಗೆ ಹತ್ತಾರು. ಒಮ್ಮೆ ಸೇರಿದರೆ ವಾರದ ಹೆಚ್ಚಿನ ದಿನ, ಎಷ್ಟೋ ಕಡೆ ಶನಿವಾರ ಭಾನುವಾರವೂ ಹೋಗಬೇಕು. ಬೇಸ್‌ಬಾಲ್ ಹುಡುಗರ ಕನಸು ಕೋಶಿಯೆನ್. 1924ರಲ್ಲಿ ಕಟ್ಟಿದ ಆ ಮೈದಾನದಲ್ಲಿ ಆಗಸ್ಟ್ ತಿಂಗಳು ಹೈಸ್ಕೂಲುಗಳ ಪಂದ್ಯ ನಡೆಯುತ್ತದೆ. ಪ್ರಾಂತ್ಯಕ್ಕೊಂದು ಶಾಲೆ, ಟೋಕಿಯೊ ಮತ್ತು ಹೊಕ್ಕೈಡೊಗೆ ಮಾತ್ರ ಎರಡೆರಡು, ಒಟ್ಟು 49. ಇಡೀ ದೇಶ ಟಿವಿ ಮುಂದೆ ಕೂರುತ್ತದೆ.

ನಾನು ಸೇರಿದ್ದು ಕ್ಯೂದೋ, ಅಂದರೆ ಅವರ ಬಿಲ್ಲುವಿದ್ಯೆ. ಬಿಲ್ಲು ಎರಡು ಮೀಟರಿಗೂ ಉದ್ದ, ಹಿಡಿ ನಟ್ಟನಡುವೆ ಇರದೆ ಕೆಳಗೆ ಇರುತ್ತದೆ. ಗುರಿ 28 ಮೀಟರ್ ದೂರ, 36 ಸೆಂಟಿಮೀಟರ್ ಅಗಲ. ಹೊಸಬರಿಗೆ ಅದರ ಕಡೆ ಬಾಣ ಬಿಡಲು ಬಿಡುವುದೇ ಇಲ್ಲ. ಮೊದಲು ಒಂದು ಸಣ್ಣ ಹಿಡಿಗೆ ರಬ್ಬರ್ ಕಟ್ಟಿ ಕೊಡುತ್ತಾರೆ. ಕಾಲು ಅಗಲಿಸಿ ನಿಲ್ಲುವುದು, ಮೈ ನೇರ ಮಾಡುವುದು, ಎತ್ತುವುದು, ಎಳೆಯುವುದು, ಬಿಡುವುದು, ಬಿಟ್ಟ ಮೇಲೂ ಹಾಗೇ ನಿಲ್ಲುವುದು, ಒಟ್ಟು ಎಂಟು ಹಂತ. ಅದನ್ನೇ ದಿನವೂ. ಆಮೇಲೆ ನಿಜವಾದ ಬಿಲ್ಲು, ಆದರೆ ಬಾಣ ಇಲ್ಲ. ಅದಾದ ಮೇಲೆ ಎರಡು ಮೀಟರ್ ದೂರದ ಹುಲ್ಲಿನ ಕಟ್ಟಿಗೆ ಬಾಣ.

ಇದನ್ನೆಲ್ಲ ಹೇಳಿಕೊಟ್ಟವರು ಮೇಷ್ಟ್ರಲ್ಲ, ಎರಡನೇ ವರ್ಷದ ಒಬ್ಬಳು ಹಿರಿಯ ಹುಡುಗಿ. ನನ್ನ ಜಪಾನಿ ಆಗ ಅಷ್ಟಕ್ಕಷ್ಟೇ, ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಬೆರಳಿನಿಂದ ನನ್ನ ಮೊಣಕೈಯನ್ನು ಚೂರು ಮೇಲೆತ್ತುವಳು, ಭುಜವನ್ನು ಕೆಳಗೊತ್ತುವಳು, ಹಿಂದೆ ಸರಿದು ನೋಡುವಳು. ಸರಿ ಬಂದರೆ ತಲೆಯಾಡಿಸುವಳು. ಅಭ್ಯಾಸ ಎಷ್ಟು ಹೊತ್ತು, ಯಾರು ಯಾವಾಗ ಬಾಣ ಬಿಡಬೇಕು, ಗುರಿಗೆ ಕಾಗದ ಅಂಟಿಸುವವರು ಯಾರು, ಎಲ್ಲವನ್ನೂ ಮಕ್ಕಳೇ ತೀರ್ಮಾನಿಸುತ್ತಿದ್ದರು. ಬಾಣ ಗುರಿಗೆ ಬಿದ್ದರೆ ಹಿಂದಿನಿಂದ ಎಲ್ಲರೂ ಒಟ್ಟಿಗೆ 'ಯೋಶ್!' ಅಂತ ಕೂಗುತ್ತಾರೆ. ನನ್ನ ಬಾಣಕ್ಕೆ ಮೊದಲ ಸಲ ಆ ಕೂಗು ಬಿದ್ದಾಗ ಕಣ್ಣಲ್ಲಿ ನೀರು ಬಂತು. ಬಾಣ ಬಿಡುವ ಕಡೆ ಗೋಡೆ ಇರುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತಿದ್ದರೂ ಮರದ ನೆಲದ ಮೇಲೆ ಬರೀ ಕಾಲುಚೀಲದಲ್ಲಿ ನಿಲ್ಲಬೇಕು. ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಮೂರನೇ ವರ್ಷದವರು ಬೇಸಿಗೆಯ ಪಂದ್ಯ ಮುಗಿದ ಮೇಲೆ ಕ್ಲಬ್ಬು ಬಿಟ್ಟು ಓದಿಗೆ ಕೂರುತ್ತಾರೆ. ಅವರನ್ನು ಬೀಳ್ಕೊಡುವ ದಿನ ಎಲ್ಲರೂ ಅಳುತ್ತಾರೆ. ಅನಿಮೆಯಲ್ಲಿ ತೋರಿಸುವುದರಲ್ಲಿ ಇದೊಂದು ಪೂರ್ತಿ ನಿಜ. ತರಗತಿಯವರೆಲ್ಲ ಸೇರಿ ಕೋಣೆಯನ್ನೇ ಹೋಟೆಲು ಮಾಡುವ ಶಾಲಾ ಹಬ್ಬವೂ ನಿಜ.

ಕಷ್ಟದ ಮಾತೂ ಹೇಳಬೇಕು. ನಿಯಮಗಳು ಬಹಳ. ಕಿವಿ ಚುಚ್ಚಿಸುವುದು ಹೆಚ್ಚಿನ ಶಾಲೆಗಳಲ್ಲಿ ನಿಷಿದ್ಧ. ನಮ್ಮಲ್ಲಿ ಮಗುವಿದ್ದಾಗಲೇ ಚುಚ್ಚಿಸುತ್ತಾರೆ ಅಂತ ವಿವರಿಸಿದ ಮೇಲೂ ನನ್ನ ಓಲೆ ತೆಗೆಸಿದರು. ಕೊನೆಗೆ ತೂತು ಮುಚ್ಚದಿರಲಿ ಅಂತ ಬಣ್ಣವಿಲ್ಲದ ಪ್ಲಾಸ್ಟಿಕ್ ಕಡ್ಡಿಗೆ ಒಪ್ಪಿದರು. ಆಗ ತುಂಬಾ ನೊಂದಿದ್ದೆ, ಅದು ಸರಿಯಲ್ಲ ಅಂತ ಈಗಲೂ ಅನ್ನುತ್ತೇನೆ. ಅಲ್ಲಿಯವರೂ ಇದನ್ನು ಪ್ರಶ್ನಿಸುತ್ತಿದ್ದಾರೆ. ತನ್ನ ಕೂದಲು ಹುಟ್ಟಿನಿಂದಲೇ ಕಂದು, ಆದರೂ ಕಪ್ಪು ಬಣ್ಣ ಹಚ್ಚಲು ಒತ್ತಾಯಿಸಿದರು ಅಂತ ಒಸಾಕಾದ ಒಬ್ಬ ಹುಡುಗಿ 2017ರಲ್ಲಿ ಕೋರ್ಟಿಗೆ ಹೋದಳು. 2021ರಲ್ಲಿ ಅವಳಿಗೆ 3,30,000 ಯೆನ್ ಪರಿಹಾರ ಸಿಕ್ಕಿತು. ಆದರೆ ಅದು ಕ್ಲಾಸಿನಿಂದ ಅವಳ ಮೇಜು, ಪಟ್ಟಿಯಿಂದ ಅವಳ ಹೆಸರು ತೆಗೆದದ್ದಕ್ಕೆ. ಕೂದಲಿನ ನಿಯಮವನ್ನು ಕೋರ್ಟು ತಪ್ಪು ಅನ್ನಲಿಲ್ಲ. ಟೋಕಿಯೊದ ಸರ್ಕಾರಿ ಹೈಸ್ಕೂಲುಗಳು 2022ರ ಏಪ್ರಿಲ್‌ನಿಂದ ಇಂಥ ಕೆಲವು ನಿಯಮಗಳನ್ನು ಕೈಬಿಟ್ಟಿವೆ.

ಒಂಟಿತನವೂ ಇದೆ. ಮೊದಲ ವಾರ ಎಲ್ಲರೂ ಸುತ್ತುವರಿದು ಮಾತಾಡಿಸುತ್ತಾರೆ, ಆಮೇಲೆ ತಮ್ಮ ತಮ್ಮ ಗುಂಪಿಗೆ ಹೋಗಿಬಿಡುತ್ತಾರೆ. ಯಾರೂ ಕೆಟ್ಟವರಲ್ಲ. ಗುಂಪು ಅಲ್ಲಿ ಬೇಗ ತೆರೆದುಕೊಳ್ಳುವುದಿಲ್ಲ ಅಷ್ಟೇ. ಕ್ಲಬ್ಬು ಇಲ್ಲದಿದ್ದರೆ ನಾನು ಅರ್ಧದಲ್ಲೇ ವಾಪಸ್ ಬರುತ್ತಿದ್ದೆನೇನೋ.

ಮಗಳನ್ನು ಕಳಿಸುವುದಾದರೆ ಪೂರ್ತಿ ಮೂರು ವರ್ಷಕ್ಕೆ ಮೊದಲೇ ಜಿಗಿಯಬೇಡಿ. ಎಎಫ್‌ಎಸ್‌ನಂಥ ಸಂಸ್ಥೆಗಳ ವಿನಿಮಯ ಕಾರ್ಯಕ್ರಮ ನೋಡಿ. ಆ ವರ್ಷವನ್ನು ಇಲ್ಲಿಯ ಶಾಲೆ ಅಥವಾ ಕಾಲೇಜು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಅಂತ ಹೋಗುವ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಹಿರಾಗಾನಾ, ಕಟಕಾನಾ ಅನ್ನುವ ಎರಡು ಜಪಾನಿ ಅಕ್ಷರಮಾಲೆಗಳನ್ನು ಇಲ್ಲೇ ಕಲಿತು ಹೋಗಲಿ. ಅನಿಮೆಯ ಭಾಷೆಯನ್ನು ಹಿರಿಯರ ಹತ್ತಿರ ಆಡಿದರೆ ಒರಟಾಗುತ್ತದೆ, ಅದನ್ನೂ ಹೇಳಿ. ನೀವು ಸಸ್ಯಾಹಾರಿಗಳಾದರೆ ಅರ್ಜಿಯಲ್ಲಿ ಸುಮ್ನೆ 'ಸಸ್ಯಾಹಾರಿ' ಅಂತಷ್ಟೇ ಬರೆಯಬೇಡಿ. ಮೀನಿನ ನೀರಿನಲ್ಲಿ ಬೇಯಿಸಿದ ತರಕಾರಿ ನಡೆಯುತ್ತದಾ ಇಲ್ವಾ, ಮೊಟ್ಟೆ ತಿನ್ನುತ್ತಾಳಾ ಇಲ್ವಾ ಅಂತ ಬಿಡಿಸಿ ಬರೆಯಿರಿ. ಆಗ ಅಲ್ಲಿಯ ಮನೆಯವರಿಗೂ ತಯಾರಾಗಲು ಸಮಯ ಸಿಗುತ್ತದೆ.