ಸಿ ಡ್ರೈವ್ ಒಂದನ್ನೇ ಸಾಗಿಸಿದರೆ ವಿಂಡೋಸ್ ಏಳುವುದಿಲ್ಲ

ನೀವು ಕೇಳಿದ್ದು ಇಷ್ಟು: ಲ್ಯಾಪ್‌ಟಾಪಿನ 500 ಜಿಬಿ ಹಾರ್ಡ್ ಡಿಸ್ಕ್ ತೆಗೆದು 480 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಹೊಸ ಬಗೆಯ ಡಿಸ್ಕ್) ಹಾಕಬೇಕು, ವಿಂಡೋಸನ್ನು ಇದ್ದ ಹಾಗೇ ಸಾಗಿಸಬಹುದಾ, ಸಿ ಡ್ರೈವ್ ಕಾಪಿ ಮಾಡಿದರೆ ಸಾಕಾ? ಸಾಗಿಸಬಹುದು. ಆದರೆ ಸಿ ಡ್ರೈವ್ ಒಂದೇ ಸಾಲದು. ನಾನು ಅರ್ಧ ದಿನ ಹಾಳು ಮಾಡಿಕೊಂಡು ಕಲಿತ ಪಾಠ ಇದು.

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಅರ್ಜಿ ಟೈಪಿಂಗು. ಬೆಳಿಗ್ಗೆ ಲ್ಯಾಪ್‌ಟಾಪ್ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರ ಫೋಟೊಗೆ ಊದುಬತ್ತಿ ಹಚ್ಚಿ ಬಂದರೂ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಹೊಸದಾಗಿ ವಿಂಡೋಸ್ ಹಾಕಿಬಿಡಿ ಅಂತ ಎಲ್ಲರೂ ಹೇಳಿದರು. ಹೇಳೋದು ಸುಲಭ. ಕನ್ನಡ ಟೈಪಿಂಗಿನ ನುಡಿ, ಬರಹ ಸಾಫ್ಟ್‌ವೇರ್‌ಗಳು, ವರ್ಷಗಳಿಂದ ಕೂಡಿಹಾಕಿದ ಫಾಂಟುಗಳು, ಸಿಡಿ ಕಳೆದುಹೋದ ಹಳೇ ಪ್ರಿಂಟರಿನ ಡ್ರೈವರ್, ಇವನ್ನೆಲ್ಲ ಮತ್ತೆ ಯಾರು ಹೊಂದಿಸೋದು?

ಹಾಗಾಗಿ ಕ್ಲೋನ್ ಮಾಡಲು, ಅಂದರೆ ಹಳೇ ಡಿಸ್ಕಿನಲ್ಲಿದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಇಳಿಸಲು ಕೂತೆ. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಜಾಣನ ಹಾಗೆ ಸಿ ಡ್ರೈವ್ ಒಂದಕ್ಕೇ ಟಿಕ್ ಹಾಕಿದೆ. ಮೂರು ಗಂಟೆ ಕಾದು, ಡಿಸ್ಕ್ ಬದಲಿಸಿ, ಸ್ವಿಚ್ ಒತ್ತಿದರೆ ಕಪ್ಪು ಪರದೆ. ಬೂಟ್ ಮಾಡೋಕೆ, ಅಂದರೆ ಕಂಪ್ಯೂಟರ್ ಏಳೋಕೆ, ಏನೂ ಇಲ್ಲ ಅನ್ನುತ್ತಿತ್ತು. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ, ಬೀಗದ ಕೈ ಮಾತ್ರ ಹಳೇ ಮನೆಯ ಮೊಳೆಯಲ್ಲೇ ಬಿಟ್ಟು ಬಂದಂತಾಗಿತ್ತು.

ಆ ಬೀಗದ ಕೈ ಎಲ್ಲಿರುತ್ತದೆ ನೋಡಿ. ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಸಿ ಡ್ರೈವಿನ ಪಕ್ಕ 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಶನ್ (ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಒಂದು ಭಾಗ) ಕಾಣುತ್ತದೆ. ಅದಕ್ಕೆ ಡ್ರೈವ್ ಅಕ್ಷರ ಇರುವುದಿಲ್ಲ, ಹಾಗಾಗಿ ಮೈ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ವಿಂಡೋಸನ್ನು ಎಬ್ಬಿಸುವ ಫೈಲುಗಳೆಲ್ಲ ಅಲ್ಲೇ. ರಿಪೇರಿಗೆ ಬೇಕಾದ ರಿಕವರಿ ಪಾರ್ಟಿಶನ್ ಬೇರೆ. ಅದಕ್ಕೇ ಇಡೀ ಡಿಸ್ಕನ್ನೇ ಕ್ಲೋನ್ ಮಾಡಬೇಕು. ಬರೀ ಕಾಪಿ-ಪೇಸ್ಟ್ ಅಂತೂ ಆಗದ ಮಾತು, ವಿಂಡೋಸ್ ಓಡುತ್ತಿರುವಾಗ ಅದರ ಎಷ್ಟೋ ಫೈಲುಗಳನ್ನು ಮುಟ್ಟೋಕೂ ಬಿಡುವುದಿಲ್ಲ.

ನಿಮಗೆ ಇನ್ನೊಂದು ತೊಡಕಿದೆ. 500 ಜಿಬಿ ಡಿಸ್ಕ್ ವಿಂಡೋಸಿನಲ್ಲಿ 465 ಅಂತ ಕಾಣುತ್ತದೆ, 480 ಜಿಬಿಯದ್ದು 447 ಅಂತ. ಒಳಗಿರುವುದು ನೂರೇ ಜಿಬಿ ಇರಬಹುದು, ಆದರೂ ಹೊಸ ಡಿಸ್ಕ್ ಚಿಕ್ಕದಾಯಿತಲ್ಲ. ಕ್ಲೋನ್‌ಜಿಲ್ಲಾ ಅನ್ನುವ ಕ್ಲೋನ್ ಸಾಫ್ಟ್‌ವೇರ್ ಉಚಿತ, ಒಳ್ಳೆಯದು, ಪೆನ್ ಡ್ರೈವಿನಿಂದಲೇ ಬೂಟ್ ಆಗುತ್ತದೆ. ಆದರೆ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು ಅನ್ನುತ್ತದೆ. ಸಿ ಡ್ರೈವನ್ನು ಕುಗ್ಗಿಸಿಕೊಂಡರೂ ರಿಕವರಿ ಪಾರ್ಟಿಶನ್ ಹಳೇ ಡಿಸ್ಕಿನ ಕೊನೆಯಲ್ಲೇ ಕೂತಿದ್ದರೆ ಹೊಸದರಲ್ಲಿ ಅದಕ್ಕೆ ಆ ಜಾಗವೇ ಇರುವುದಿಲ್ಲ, ಪ್ರಯೋಜನವಿಲ್ಲ. ನಿಮ್ಮ ಎಸ್‌ಎಸ್‌ಡಿ ಕಂಪನಿಯವರೇ ಕ್ಲೋನ್ ಸಾಫ್ಟ್‌ವೇರ್ ಕೊಡುತ್ತಾರಾ ನೋಡಿ. ಪಾರ್ಟಿಶನ್‌ಗಳನ್ನು ತಾನೇ ಕುಗ್ಗಿಸಿ ಕೂರಿಸುವಂಥದ್ದು ಸಿಕ್ಕರೆ ನಿಮ್ಮ ತಲೆನೋವು ಅರ್ಧ ಕಮ್ಮಿ. ಎರಡನೇ ಸಲ ನಾನು ಮಾಡಿದ್ದೂ ಹಾಗೇ.

ಶುರು ಮಾಡುವ ಮುಂಚೆ ಫೋಟೊ, ಕೆಲಸದ ಫೈಲುಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಆಫ್ ಮಾಡಿ. ಚಾರ್ಜರ್ ಸಿಕ್ಕಿಸಿಯೇ ಇರಲಿ, ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಲ್ವಾ. ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಯಾವುದರಿಂದ ಯಾವುದಕ್ಕೆ ಅನ್ನುವಲ್ಲಿ. ಅದಲು ಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ, ಎಲ್ಲ ಹೋಯಿತು. 465, 447 ನೋಡೋಕೆ ಹತ್ತಿರದ ಸಂಖ್ಯೆಗಳು, ಆದ್ದರಿಂದ ಮಾಡೆಲ್ ಹೆಸರು ಓದಿಯೇ ಒತ್ತಿ.

ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ ಹಳೇ ಡಿಸ್ಕನ್ನು ಹೊರಗೆ ತೆಗೆಯಿರಿ. ಮೊದಲ ಸಲ ಎಸ್‌ಎಸ್‌ಡಿ ಒಂದೇ ಇರಲಿ. ಎರಡೂ ಇದ್ದರೆ ಗೊತ್ತಿಲ್ಲದೆ ಹಳೆಯದರಿಂದಲೇ ಬೂಟ್ ಆಗಬಹುದು. ಪಕ್ಕದ ಸ್ಟುಡಿಯೋದವರ ಡೆಸ್ಕ್‌ಟಾಪಿನಲ್ಲಿ ಹೀಗೇ ಆಗಿ, "ಎಸ್‌ಎಸ್‌ಡಿ ಹಾಕಿದರೂ ಸ್ಪೀಡೇ ಬಂದಿಲ್ಲ" ಅಂತ ಒಂದು ವಾರ ಗೊಣಗುತ್ತಿದ್ದರು. ವಿಂಡೋಸ್ ಆಕ್ಟಿವೇಶನ್ (ಲೈಸೆನ್ಸ್) ಬಗ್ಗೆ ಚಿಂತೆ ಬೇಡ, ಮದರ್‌ಬೋರ್ಡ್ ಅದೇ ಇರುವವರೆಗೆ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಹಳೇ ಡಿಸ್ಕನ್ನು ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ನಾನು ಒಂದು ತಿಂಗಳು ಬೀರುವಿನಲ್ಲಿ ಇಟ್ಟಿದ್ದೆ. ಆಮೇಲೆ ಯುಎಸ್‌ಬಿಯಲ್ಲಿ ಸಿಕ್ಕಿಸುವ ಒಂದು ಕೇಸಿಂಗ್ (ಡಿಸ್ಕಿನ ಪೆಟ್ಟಿಗೆ) ತಂದು ಅದರೊಳಗೆ ಹಾಕಿದೆ, ಈಗ ಬ್ಯಾಕಪ್ ಎಲ್ಲ ಅದಕ್ಕೇ ಹೋಗುತ್ತದೆ. ನಿಮ್ಮದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಾನೆ? ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯದ್ದಾಗಿದ್ದರೆ ಕೇಬಲ್ಲೇ ಬೇರೆ ಬೇಕು. ಮಾಡೆಲ್ ಹೇಳಿ, ನೋಡೋಣ.