ಮಡಿಕೇರಿ ಒಳಗಿನ ಓಡಾಟಕ್ಕೆ ಸ್ಕೂಟರ್ ಬೇಕಾ?

ಬೆಂಗಳೂರಿನಿಂದ ವರ್ಗವಾಗಿ ಮಡಿಕೇರಿಗೆ ಬರುತ್ತಿದ್ದೀರಿ. ಊರೊಳಗೆ ಒಂದೆರಡು ಕಿಲೋಮೀಟರ್ ಓಡಾಡಲು ಸೈಕಲ್ ಸಾಕಾ, ಸ್ಕೂಟರ್ ಬೇಕಾ, ಆಟೋ ನೆಚ್ಚಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಸೈಕಲ್ ಆಸೆ ಮೊದಲು ಬಿಡಿ. ಬೆಂಗಳೂರಲ್ಲಿ ಮೆಟ್ರೋ ಇಳಿದು ಆಫೀಸಿಗೆ ಸೈಕಲ್ ತುಳಿದವನು ನಾನೂ. ಅಲ್ಲಿ ತಲೆನೋವು ಟ್ರಾಫಿಕ್, ಇಲ್ಲಿ ಏರು. ಊರು ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ, ಅದಿರಲಿ. ಊರೊಳಗೇ ಒಂದು ಬೀದಿ ಇನ್ನೊಂದರ ತಲೆ ಮೇಲೆ ಕೂತಿದೆ. ಓಂಕಾರೇಶ್ವರ ದೇವಸ್ಥಾನ ಇರುವುದು ತಗ್ಗಿನಲ್ಲಿ. ಪೇಟೆಯಿಂದ ಮಾತಾಡಿಕೊಂಡೇ ಇಳಿಯಬಹುದು. ವಾಪಸ್ ಹತ್ತುವಾಗ ಮೊಬೈಲ್ ನೋಡುವ ನೆಪದಲ್ಲಿ ಒಮ್ಮೆ ನಿಲ್ಲುತ್ತೀರಿ, ನೋಡಿ ಬೇಕಾದ್ರೆ.

ನಾನು ಮಾಡುವುದು ಇಷ್ಟೇ: ಇಳಿಜಾರಿಗೆ ಕಾಲು, ಏರಿಗೆ ಆಟೋ. ಶುಕ್ರವಾರದ ಸಂತೆಗೆ ಖಾಲಿ ಚೀಲ ಹಿಡಿದು ನಡೆದು ಹೋಗುತ್ತೇನೆ, ತುಂಬಿದ ಚೀಲದ ಜೊತೆ ಆಟೋದಲ್ಲಿ ಬರುತ್ತೇನೆ. ಹತ್ತುವ ಮುಂಚೆ ಬಾಡಿಗೆ ಕೇಳಿಕೊಳ್ಳಿ. ಜೋರು ಮಳೆ ಹಿಡಿದರೆ ಆಟೋ ಸಿಗುವುದು ಕಷ್ಟ. ಸಿಕ್ಕರೂ ರೆಕ್ಸಿನ್ ಪರದೆಯ ಸಂದಿಯಿಂದ ಒಂದು ಮೊಣಕಾಲು ಒದ್ದೆಯಾಗಿಯೇ ಆಗುತ್ತದೆ.

ಸ್ಕೂಟರ್ ನನ್ನ ಹತ್ತಿರವೂ ಇತ್ತು. ಮೂರು ಮಳೆಗಾಲ ಓಡಿಸಿ ಮಾರಿದೆ. ಗೇರ್ ಇರುವ ಬೈಕಾದರೆ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿದರೆ ಸಾಕು, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಆ ಹಿಡಿತ ಕಡಿಮೆ. ನಿಧಾನಕ್ಕೆ ಇಳಿಯುವಾಗಂತೂ ಕ್ಲಚ್ ಬಿಟ್ಟುಕೊಂಡು ಗಾಡಿ ಸುಮ್ನೆ ಉರುಳುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. ಒಂದು ಜುಲೈ ಬೆಳಿಗ್ಗೆ ಮಹದೇವಪೇಟೆಯ ಹತ್ತಿರ ಪಾಚಿ ಹಿಡಿದ ಅಂಚಿನಲ್ಲಿ ಮುಂದಿನ ಬ್ರೇಕ್ ಒತ್ತಿದೆ. ಗಾಡಿ ಒಂದು ಕಡೆ, ನಾನು ಒಂದು ಕಡೆ, ಟಿಫಿನ್ ಬಾಕ್ಸ್ ಚರಂಡಿಯಲ್ಲಿ. ತಪ್ಪು ನನ್ನದೇ ಬಿಡಿ. ಆದರೆ ರೈನ್‌ಕೋಟ್ ಹಾಕಿ, ಹೆಲ್ಮೆಟ್ಟಿನ ಮಂಜು ಒರೆಸಿ, ಪಾರ್ಕಿಂಗ್ ಹುಡುಕಿ, ಮತ್ತೆ ರೈನ್‌ಕೋಟ್ ಬಿಚ್ಚುವಷ್ಟರಲ್ಲಿ ಕೊಡೆ ಹಿಡಿದವರು ಆಫೀಸ್ ತಲುಪಿರುತ್ತಾರೆ, ಅಲ್ವಾ?

ವಿರಾಜಪೇಟೆ, ಕುಶಾಲನಗರಕ್ಕೆ ಬಸ್ ಇದೆ. ನಿಮ್ಮ ಮನೆಯವರಿಗೆ ಹೇಳಿ, ಹೆಂಗಸರಿಗೆ ಫ್ರೀ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಖಾಸಗಿಯಲ್ಲಿ ಟಿಕೆಟ್ ತೆಗೆದುಕೊಳ್ಳಬೇಕು. ವಿಜಯದಶಮಿ ರಾತ್ರಿ ದಸರಾ ಮೆರವಣಿಗೆಯ ಹತ್ತು ಮಂಟಪ ರಸ್ತೆಗೆ ಇಳಿದ ಮೇಲೆ ಯಾವ ಗಾಡಿಯೂ ಲೆಕ್ಕಕ್ಕಿಲ್ಲ, ಎಲ್ಲರೂ ಕಾಲ್ನಡಿಗೆಯೇ.

ಸ್ಕೂಟರಿಗಿಂತ ಮೊದಲು ಮನೆಯ ಬಗ್ಗೆ ಯೋಚಿಸಿ. ಮನೆ ನೋಡಲು ಬಂದಾಗ ಬ್ರೋಕರ್ ಕಾರು ಹತ್ತಬೇಡಿ. ಬಸ್ ಸ್ಟ್ಯಾಂಡಿನಿಂದ ಬ್ಯಾಗ್ ಹೊತ್ತು ನಡೆದೇ ಹೋಗಿ, ಆಮೇಲೆ ಅಡ್ವಾನ್ಸ್ ಮಾತಾಡಿ.